ಯಾರಿಗೂ ಕಾಣದ ಫೋಲ್ಡರು

ಕಂಟ್ರೋಲರ್ ಸಾರ್ ಅವರ ಕತ್ತು ಯಾವಾಗಲೂ ಎಡಕ್ಕೆ ತಿರುಗಿರುತ್ತಿತ್ತು. ಆಂಧ್ರದ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರ ಕೋಣೆಯ ಕಿಟಕಿಗೆ ಬಸ್ಸು ಒಳಬರುವ ದಾರಿ ಎಡಗಡೆ ಬೀಳುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕುರ್ಚಿಯಲ್ಲಿ ಕೂತು, ದೂರದಿಂದಲೇ ಬಸ್ಸಿನ ಬೋರ್ಡು ಓದಿ ಓದಿ ಕತ್ತು ಆ ಕಡೆಗೇ ನಿಂತುಬಿಟ್ಟಿತ್ತು. ಎದುರಿಗೆ ನಿಂತವರೊಡನೆ ಮಾತಾಡುವಾಗಲೂ ಮುಖ ಎಡಕ್ಕೆ, ಕಣ್ಣು ಮಾತ್ರ ನಮ್ಮ ಕಡೆಗೆ. ಗೊತ್ತಿಲ್ಲದವರು ಈ ಮನುಷ್ಯನಿಗೆ ನಮ್ಮ ಮಾತು ಬೇಡವಾಗಿದೆ ಅಂದುಕೊಳ್ಳುತ್ತಿದ್ದರು. ಮದುವೆಮನೆಗಳಲ್ಲಿ ಫೋಟೋದವನು "ಸಾರ್, ಇಟು ಚೂಡಂಡಿ" ಎಂದು, ಅಂದರೆ ಈ ಕಡೆ ನೋಡಿ ಎಂದು, ಕೂಗಿ ಕೂಗಿ ಸೋಲುತ್ತಿದ್ದನಂತೆ.

ನಾನು ಅವರನ್ನು ಮೊದಲು ಕಂಡಾಗ ನನಗೆ ಹದಿನೇಳು ವರ್ಷ. ಲೇಪಾಕ್ಷಿ ಹತ್ತಿರದ ಹಳ್ಳಿಯಿಂದ ಹೋಗಿ ಕಲ್ಯಾಣದುರ್ಗದ ಕಾಲೇಜಿಗೆ ಸೇರಿದ್ದೆ. ತೆಲುಗು ನಮಗೆಲ್ಲ ಬರುತ್ತದೆ, ಶಾಲೆಯಲ್ಲಿ ಓದಿದ್ದೇ ತೆಲುಗು. ಆದರೂ ಹಾಸ್ಟೆಲಿನಲ್ಲಿ ಒಂದು ವಾರ ಕಳೆಯುವುದರೊಳಗೆ ಮನೆಯ ಮಾತಿಗೆ ಕಿವಿ ಹಸಿದುಹೋಗಿತ್ತು. ಮೊದಲ ಶನಿವಾರ ಕಂಟ್ರೋಲರ್ ಕೋಣೆಯ ಕಿಟಕಿಯಲ್ಲಿ ಮುಖ ಇಟ್ಟು, "ಹಿಂದೂಪುರಂ ಬಸ್ಸು ಎನ್ನಿ ಗಂಟಲಕು?" ಎಂದು ತೆಲುಗಿನಲ್ಲಿ ಬಸ್ಸಿನ ಹೊತ್ತು ಕೇಳಿದೆ.

ಅವರು ಎಡಕ್ಕೇ ನೋಡುತ್ತಾ ಕನ್ನಡದಲ್ಲಿ ಕೇಳಿದರು. "ಯಾವೂರಮ್ಮ ನಿಂದು?"

"ಲೇಪಾಕ್ಷಿ ಹತ್ರ."

"ಹತ್ರ ಅಂದ್ರೆ ಈ ಕಡೀಕಾ, ಆ ಕಡೀಕಾ?"

ನಾನು ಬೆಪ್ಪಾಗಿ ನಿಂತೆ. ಅವರು ನಕ್ಕರು. "ತೆಲುಗು ಮಾತಾಡಿದ್ರೂ ಒಳಗೆ ಕನ್ನಡ ಓಡಾಡ್ತಾ ಐತೆ ಕಣಮ್ಮ. ನಂದೂ ಆ ಕಡೀದೇ. ಎರಡೂ ಇಪ್ಪತ್ತಕ್ಕೆ ಬಸ್ಸು. ಅಲ್ಲಿ ಕಟ್ಟೆ ಮೇಲೆ ಕೂತ್ಕೋ, ನಾನೇ ಹತ್ತಿಸ್ತೀನಿ."

ಅಲ್ಲಿಂದ ಮೂರು ವರ್ಷ, ಶನಿವಾರ ಬಂತೆಂದರೆ ಆ ಕಿಟಕಿಯೇ ನನಗೆ ತವರು. ಹೇಳಿಕೊಳ್ಳುವಂಥ ಮಾತೇನೂ ನಡೆಯುತ್ತಿರಲಿಲ್ಲ. "ಊಟ ಆಯ್ತಾ", "ಮಳೆ ಬಂತಾ ನಿಮ್ಮ ಕಡೆ" ಅಷ್ಟೇ. ಆದರೆ ಅವರ ಎದುರಿಗೆ "ಐದು ಗಂಟೆ ಹತ್ರ" ಎಂದರೆ ಸಹಿಸುತ್ತಿರಲಿಲ್ಲ. "ಹತ್ರ ಅಂತ ಟೈಮೇ ಇಲ್ಲ ಕಣಮ್ಮ. ಐದೂ ಹತ್ತು, ಇಲ್ಲ ಐದೂ ಹದಿನೈದು. ನೀನು ಹತ್ರ ಅಂತೀಯ, ಅಲ್ಲೊಬ್ರು ಅದನ್ನ ನಂಬ್ಕೊಂಡು ಬಿಸಿಲಲ್ಲಿ ನಿಂತಿರ್ತಾರೆ" ಎನ್ನುತ್ತಿದ್ದರು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿರುವಷ್ಟು ಹೊತ್ತೂ ಅವರು ತುತ್ತು ಬಾಯಿಗಿಡುತ್ತಿರಲಿಲ್ಲ. ಬುತ್ತಿ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ, ಹೀಗೆ ಒಂದು ಊಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು.

ಎರಡನೇ ವರ್ಷ ಒಂದು ಮಧ್ಯಾಹ್ನ ಹಾಸ್ಟೆಲಿಗೆ ಫೋನು ಬಂತು. ಕಡಲೇಕಾಯಿ ಹೊಲದಲ್ಲಿ ಅಮ್ಮನಿಗೆ ಹಾವು ಕಚ್ಚಿದೆ, ಹಿಂದೂಪುರದ ಆಸ್ಪತ್ರೆಗೆ ಹಾಕಿದ್ದಾರೆ ಎಂದು. ನಾನು ಓಡಿ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಕಿಟಕಿಗೆ ಹೋಗಿ ಅಮ್ಮನಿಗೆ ಹಾವು ಕಚ್ಚಿದೆ ಎಂದೆ. ಅವರು ಕಿಟಕಿಯಿಂದ ಎದ್ದು ಹೊರಗೆ ಬಂದರು. ಅವರು ಡ್ಯೂಟಿಯಲ್ಲಿ ಕೋಣೆ ಬಿಟ್ಟು ಹೊರಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನನ್ನು ಷೇರ್ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಜೀಪಿನವನಿಗೆ ಎಲ್ಲೂ ನಿಲ್ಲಿಸಬೇಡ ಎಂದು ತೆಲುಗಿನಲ್ಲಿ ಗದರಿಸಿ, ಮುಂದಿನ ಸ್ಟ್ಯಾಂಡಿಗೆ ಫೋನು ಮಾಡಿದರು. ಬಸ್ಸು ಅಲ್ಲಿ ನನಗಾಗಿ ಒಂಬತ್ತು ನಿಮಿಷ ನಿಂತಿತ್ತು. ನಾನು ಹೋದಾಗ ಅಮ್ಮನಿಗೆ ಎಚ್ಚರವಿತ್ತು, ಅಮ್ಮ ಉಳಿದಳು. ಮುಂದಿನ ವಾರ ಕಿಟಕಿಗೆ ಹೋದಾಗ ಅವರೇ ಹೇಳಿದರು: "ಒಂಬತ್ತು ನಿಮಿಷ ಯಾಕೆ ಲೇಟು ಅಂತ ಮೇಲಿನೋರು ಕೇಳಿದ್ರು. ನಾನೇ ನಿಲ್ಲಿಸ್ದೆ ಅಂತ ಬರ್ಕೊಟ್ಟೆ. ನಿಜ ಬರ್ದುಬುಟ್ರೆ ಆಮೇಲೆ ಏನೂ ಜ್ಞಾಪಕ ಇಟ್ಕೊಬೇಕಾಗಿಲ್ಲ ನೋಡು."

ಓದು ಮುಗಿಸಿ, ಹಿಂದೂಪುರದಲ್ಲಿ ಅವರಿವರ ಹತ್ತಿರ ಕೆಲಸ ಕಲಿತು, ಕೊನೆಗೆ ಒಂದು ರೇಷ್ಮೆ ನೂಲಿನ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೇ ವೆಬ್‌ಸೈಟಿನ ಅಂಗಡಿ ಇಟ್ಟೆ. ದೊಡ್ಡ ಕಂಪನಿಯೊಂದರಿಂದ ಸರ್ವರಿನಲ್ಲಿ ಜಾಗ ತೆಗೆದುಕೊಂಡು ಶಾಲೆಗಳಿಗೆ, ಕಲ್ಯಾಣಮಂಟಪಗಳಿಗೆ, ಕ್ಲಿನಿಕ್ಕುಗಳಿಗೆ, ಸೀರೆ ಅಂಗಡಿಗಳಿಗೆ ಹಂಚುವುದು. ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಫೋಲ್ಡರು. ಆ ಫೋಲ್ಡರಿಗೆ ತಮ್ಮ ಫೈಲು ಕಳಿಸಲು ಒಂದೊಂದು ಅಕೌಂಟು. ಯಾವ ಅಕೌಂಟಿಗೆ ಯಾವ ಫೋಲ್ಡರು ತೆರೆಯಬೇಕು, ಬರೀ ನೋಡಲು ಬಿಡಬೇಕೋ, ಬರೆಯಲೂ ಅಳಿಸಲೂ ಬಿಡಬೇಕೋ, ಇದನ್ನೆಲ್ಲ ಗೊತ್ತುಮಾಡುವವಳು ನಾನು. ಊರ ಜನರ ಮನೆಗಳ ಬೀಗದ ಕೈ ಇಟ್ಟುಕೊಂಡು ಕೂತ ಹಾಗೆ. ಒಂದೇ ಕೆಲಸ, ಆದರೆ ಅದರಲ್ಲಿ ಸೋಮಾರಿತನ ನಡೆಯುವುದಿಲ್ಲ.

ನಿವೃತ್ತಿಯಾದ ಎರಡು ತಿಂಗಳಿಗೆ ಕಂಟ್ರೋಲರ್ ಸಾರ್ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಒಂದು ಉದ್ದನೆಯ ರಿಜಿಸ್ಟರು. ಕಲ್ಯಾಣದುರ್ಗದ ಸುತ್ತಲ ಹಳ್ಳಿಹಳ್ಳಿಗೂ ಬಸ್ಸು ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ತಿರುಗುತ್ತದೆ, ಸಂತೆಯ ದಿನ ಏನು ಬದಲಾವಣೆ, ಬಸ್ಸಿಲ್ಲದ ಊರಿಗೆ ಜೀಪು ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಅವರ ದುಂಡಗಿನ ತೆಲುಗು ಅಕ್ಷರದಲ್ಲಿ ಬರೆದಿದ್ದರು.

"ಇದನ್ನ ಫೋನಲ್ಲಿ ಬರೋ ಹಂಗೆ ಮಾಡ್ಬೋದೇನಮ್ಮ? ರೋಡಲ್ಲಿ ಬೇವಿನ ಮರದ ಕೆಳಗೆ ನಿಂತಿರ್ತಾರಲ್ಲ, ಅವ್ರಿಗೆ ಬಸ್ಸು ಹೋಯ್ತೋ, ಇನ್ನೂ ಬತ್ತದೋ ಗೊತ್ತಾಗಕಿಲ್ಲ. ಸ್ಟ್ಯಾಂಡಲ್ಲಿರೋರಿಗೆ ನಾನಿದ್ದೆ. ಮರದ ಕೆಳಗೆ ಇರೋರಿಗೆ ಯಾರವ್ರೆ?"

ಒಂದು ವಾರದಲ್ಲಿ ಪುಟ ಮಾಡಿಕೊಟ್ಟೆ. ಸಾದಾ ಪುಟ, ಒಂದು ಸಾಲಿಗೆ ಒಂದು ಊರು, ಅದರ ಮುಂದೆ ಟೈಮು. ಎರಡು ದಿನ ನನ್ನ ಅಂಗಡಿಯಲ್ಲಿ ಕೂತು ಫೈಲು ತಿದ್ದುವುದನ್ನೂ ಕಳಿಸುವುದನ್ನೂ ಅವರು ಕಲಿತರು. ಅಕೌಂಟು ಎಂದರೇನೆಂದು ನಾನು ಸುತ್ತಿ ಬಳಸಿ ಹೇಳುತ್ತಿದ್ದರೆ ತಡೆದು, "ಪಾಸು ಅನ್ನು. ಈ ಪಾಸಿದ್ದೋರು ಈ ರೂಟಲ್ಲಿ ಮಾತ್ರ ಹತ್ತಬೋದು. ಅಷ್ಟೇ ತಾನೆ?" ಅಂದರು. "ಹಂಗಾದ್ರೆ ನಂದು ಯಾವ ರೂಟು?"

"ನಿಮ್ಮದು ಆಲ್ ರೂಟ್ ಪಾಸು ಸಾರ್" ಎಂದು ನಕ್ಕೆ. ನಕ್ಕೆನಾದರೂ ಹೇಳಿದ್ದು ನಿಜವೇ. ಅವರಿಗೆಂದು ಬೇರೆ ಅಕೌಂಟು ಮಾಡಲು ಐದು ನಿಮಿಷ ಸಾಕಾಗಿತ್ತು. ಅದನ್ನು ಮಾಡದೆ ಅಂಗಡಿಯ ಮುಖ್ಯ ಅಕೌಂಟನ್ನೇ ಅವರ ಮನೆಯ ಕಂಪ್ಯೂಟರಿಗೆ ಹಾಕಿಬಿಟ್ಟಿದ್ದೆ. ಅದರಿಂದ ನನ್ನ ಎಲ್ಲ ಗಿರಾಕಿಗಳ ಫೋಲ್ಡರುಗಳೂ ತೆರೆಯುತ್ತಿದ್ದವು.

ಅವರು ನಗಲಿಲ್ಲ. "ಅಷ್ಟೆಲ್ಲ ಬ್ಯಾಡ ಕಣಮ್ಮ. ನಂಗೆ ಕಲ್ಯಾಣದುರ್ಗದ ರೂಟು ಸಾಕು. ಗೊತ್ತಿಲ್ಲದ ರೂಟಲ್ಲಿ ನಂಗೇನು ಕೆಲಸ?"

"ಆಮೇಲೆ ಮಾಡ್ತೀನಿ ಸಾರ್" ಅಂದೆ. ಮಾಡಲಿಲ್ಲ.

ಆ ಪುಟ ಓಡಿತು. ಬೆಳಿಗ್ಗೆ ಚಹಾ ಕುಡಿದು ಅವರು ಬಸ್ ಸ್ಟ್ಯಾಂಡಿಗೆ ಹೋಗಿ, ಯಾವ ಬಸ್ಸು ರದ್ದಾಗಿದೆ, ಯಾವುದು ತಡ ಎಂದು ಕೇಳಿಕೊಂಡು, ಮನೆಗೆ ಬಂದು ತಿದ್ದಿ ಕಳಿಸುತ್ತಿದ್ದರು. ಎಂಟು ಗಂಟೆಗೆ ಸರಿಯಾಗಿ ನನಗೆ ಫೋನು. ಅವರದು ಬಟನ್ ಫೋನು. ಅದರಲ್ಲಿ ಪುಟ ಕಾಣುತ್ತಿರಲಿಲ್ಲ, ಫೋನಿನಲ್ಲಿ ಬಂದಿದೆಯೋ ಎಂದು ನನ್ನನ್ನೇ ಕೇಳಬೇಕಿತ್ತು.

"ಏರಿಸಿದೀನಿ ಕಣಮ್ಮ. ನೋಡು."

ನಾನು ನೋಡಿ, "ಬಂದಿದೆ ಸಾರ್" ಎನ್ನುತ್ತಿದ್ದೆ. ಹಳ್ಳಿಗಳಲ್ಲಿ ಪುಟದ ವಿಳಾಸವನ್ನು ಹಾಲಿನ ಡೇರಿಯ ಗೋಡೆಗೆ ಬರೆದಿದ್ದರು. ಆಟೋದವರು ಅದನ್ನು ನೋಡಿಕೊಂಡು ಗಾಡಿ ಹೊರಡಿಸುತ್ತಿದ್ದರು.

ಮುಂದಿನ ವರ್ಷ ಒಂದು ಬೆಳಿಗ್ಗೆ ಅವರ ಕೈ ಜಾರಿತು. ಮೌಸಿನಿಂದ ಫೈಲು ಎಳೆಯುವಾಗ ಹಿಂದೂಪುರದ ಒಂದು ಶಾಲೆಯ ಇಡೀ ಫೋಲ್ಡರು ಅವರ ಫೋಲ್ಡರಿನೊಳಕ್ಕೆ ಬಿದ್ದುಬಿಟ್ಟಿತು. ಅವರಿಗೆ ಗೊತ್ತೇ ಆಗಲಿಲ್ಲ. ಅತ್ತ ಶಾಲೆಯ ಸೈಟು ಮಾಯ, ಅದೂ ಅಡ್ಮಿಷನ್ ಅರ್ಜಿ ಶುರುವಾಗುವ ದಿನ. ಶಾಲೆಯ ಯಜಮಾನರು ನನ್ನ ಮೆಟ್ಟಿಲ ಮೇಲೇ ನಿಂತು ಕೂಗಾಡಿದರು. ಒಂದು ಗಂಟೆಯಲ್ಲಿ ಎಲ್ಲವನ್ನೂ ಇದ್ದ ಹಾಗೆ ಇಟ್ಟೆ. ಸರ್ವರ್ ತೊಂದರೆ ಎಂದು ಸುಳ್ಳು ಹೇಳಿದೆ. ಯಾರು ಎಳೆದದ್ದು ಎಂಬುದು ಸರ್ವರಿನ ದಾಖಲೆಯಲ್ಲಿ ಸ್ಪಷ್ಟವಾಗಿತ್ತು.

ಅವತ್ತು ಅವರಿಗೆ ಫೋನು ಮಾಡಿ, "ಸಾರ್, ಹೀಗಾಯಿತು, ತಪ್ಪು ನನ್ನದು, ನಿಮಗೆ ದೊಡ್ಡ ಪಾಸು ಕೊಡಬಾರದಿತ್ತು" ಎಂದಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಅವರು ಅಳುಕಿ ಕೆಲಸವನ್ನೇ ಬಿಟ್ಟಾರು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನ ಕಾರಣ ಬೇರೆ. ಬೇಡ ಕಣಮ್ಮ ಎಂದು ಅವರು ಮೊದಲೇ ಹೇಳಿದ್ದರು. ಅದನ್ನು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ. ಸಿಟ್ಟೂ ಇತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಆದರೆ ತೀರಿಸಿಕೊಂಡದ್ದು ಅವರ ಮೇಲೆ.

ನಾನು ಮಾಡಿದ್ದು ಇಷ್ಟು. ಟೈಮಿನ ಪುಟದ್ದೊಂದು ನಕಲು ಮಾಡಿ ಬೇರೆ ಫೋಲ್ಡರಿನಲ್ಲಿಟ್ಟೆ. ಅದು ಊರಿನ ಯಾರ ಫೋನಿನಲ್ಲೂ ಕಾಣದ ಫೋಲ್ಡರು. ಅವರಿಗೆ ಹೊಸ ಅಕೌಂಟು ಮಾಡಿ, ಆ ನಕಲಿಗೆ ಮಾತ್ರ ಬರೆಯುವ ಹಾಗೆ ಕಟ್ಟಿಹಾಕಿದೆ. "ಸೇಫ್ಟಿಗೆ ಪಾಸ್‌ವರ್ಡ್ ಬದಲಾಯಿಸಿದ್ದೀನಿ ಸಾರ್" ಎಂದೆ. ಹಿಂದೂಪುರದಿಂದಲೇ ಅವರ ಕಂಪ್ಯೂಟರಿನೊಳಕ್ಕೆ ಹೋಗಿ, ಅಲ್ಲಿ ಅವರು ಪುಟ ನೋಡಲು ಒತ್ತುತ್ತಿದ್ದ ಗುರುತನ್ನೂ ಆ ನಕಲಿಗೇ ತಿರುಗಿಸಿದೆ. ಅಂದರೆ ಅವರು ಕಳಿಸಿದ್ದು ಅವರಿಗೆ ಮಾತ್ರ ಕಾಣುತ್ತಿತ್ತು. ದಿನಾ ಬೆಳಿಗ್ಗೆ ನಾನೇ ಅವರ ಫೈಲನ್ನು ನೋಡಿ, ಸರಿಯಿದ್ದರೆ ನಿಜವಾದ ಪುಟಕ್ಕೆ ಹಾಕುವುದು ಎಂಬುದು ನನ್ನ ಲೆಕ್ಕಾಚಾರ.

ಕೆಲವು ವಾರ ತಪ್ಪದೆ ಹಾಕಿದೆ. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ನೆನಪಾದಾಗ. ಟೈಮುಗಳು ದಿನಾ ಬದಲಾಗುವುದಿಲ್ಲವಲ್ಲ ಎಂಬ ಧೈರ್ಯ. ಎಂಟು ಗಂಟೆಗೆ ಫೋನು ಮಾತ್ರ ನಿಲ್ಲಲಿಲ್ಲ.

"ಏರಿಸಿದೀನಿ ಕಣಮ್ಮ. ನೋಡು."

"ಬಂದಿದೆ ಸಾರ್." ನೋಡದೆಯೇ ಹೇಳುತ್ತಿದ್ದೆ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳುತ್ತಾ, ಬಸ್ಸಿಗೆ ನಿಂತುಕೊಂಡು, ಬೇರೆ ಗಿರಾಕಿಯ ಕೆಲಸ ಮಾಡುತ್ತಾ.

ಶಾಲೆಗಳು ಮತ್ತೆ ತೆರೆದ ವಾರ ಒಂದು ಹಳ್ಳಿಯ ಬೆಳಗಿನ ಬಸ್ಸನ್ನು ಇಪ್ಪತ್ತು ನಿಮಿಷ ಮುಂಚಿತ ಮಾಡಿದರು. ಅವರು ಅವತ್ತೇ ತಿದ್ದಿ ಕಳಿಸಿದರು. ನಾನು ಹಾಕಲಿಲ್ಲ. ಆ ಹಳ್ಳಿಯಿಂದ ಒಬ್ಬ ಹೆಂಗಸು ವಾರಕ್ಕೆರಡು ಸಲ ಅನಂತಪುರಕ್ಕೆ ಡಯಾಲಿಸಿಸ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಅದೊಂದೇ ಬಸ್ಸು. ಮಗ ಫೋನಿನಲ್ಲಿ ಪುಟ ನೋಡಿ, ಇನ್ನೂ ಹೊತ್ತಿದೆ ಎಂದು ನಿಧಾನವಾಗಿ ಕರೆತಂದಿದ್ದಾನೆ. ಬಸ್ಸು ಹೋಗಿಬಿಟ್ಟಿತ್ತು. ಸರದಿ ತಪ್ಪಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆಕೆಗೆ ಉಸಿರು ಕಟ್ಟಿ, ಯಾರದೋ ಕಾರಿನಲ್ಲಿ ಹಾಕಿಕೊಂಡು ಓಡಿದರಂತೆ. ಜೀವ ಉಳಿಯಿತು, ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು.

ಇದು ನನಗೆ ತಿಳಿದದ್ದು ಕಂಟ್ರೋಲರ್ ಸಾರ್ ಅವರಿಂದಲೇ. ಅವತ್ತು ಫೋನು ಬಂದದ್ದು ಎಂಟು ಗಂಟೆಗಲ್ಲ, ಹತ್ತೂವರೆಗೆ.

"ಅಮ್ಮಾ, ಆ ಮಗ ಸ್ಟ್ಯಾಂಡಿಗೇ ಬಂದ್ಬುಟ್ಟಿದ್ದ. ಟೀ ಅಂಗಡಿ ಹತ್ರ, ಎಲ್ಲಾ ಡ್ರೈವರುಗಳ ಮುಂದೆ ಫೋನು ಹಿಡಿದು ಕೇಳ್ದ, ಇದು ನೀನು ಹಾಕಿರೋ ಟೈಮೇನಾ ಅಂತ. ನೋಡಿದ್ರೆ ಹಳೇ ಟೈಮೇ ಐತೆ. ಮನೇಗೆ ಓಡಿ ಬಂದು ನೋಡಿದ್ರೆ ನನ್ನ ಕಂಪ್ಯೂಟರಲ್ಲಿ ಹೊಸಾ ಟೈಮೈತೆ. ಹೆಂಗಮ್ಮಾ ಇದು? ಅಲ್ಲೊಂದು ಇಲ್ಲೊಂದು ಹೆಂಗಿರ್ತದೆ?"

ನನ್ನ ಕೈ ಕೀಬೋರ್ಡಿನ ಮೇಲಿತ್ತು. ಅವರು ಮಾತಾಡುತ್ತಿರುವಾಗಲೇ ಅವರ ಫೈಲನ್ನು ಎಳೆದು ನಿಜವಾದ ಪುಟಕ್ಕೆ ಹಾಕಿದೆ. ಮೂರು ಸೆಕೆಂಡಿನ ಕೆಲಸ. ಆಮೇಲೆ ಹೇಳಿದೆ: "ಇಲ್ಲೂ ಹೊಸ ಟೈಮೇ ಇದೆಯಲ್ಲ ಸಾರ್. ಈಗ ಯಾರ ಫೋನಲ್ಲಿ ನೋಡಿದ್ರೂ ಸರಿಯಾಗೇ ಇರುತ್ತೆ. ನೀವು... ನೀವು ಇವತ್ತು ಬೆಳಿಗ್ಗೆ ತಿದ್ದಿರಬೇಕು."

"ಇವತ್ತಾ? ನಾನು ಸೋಮವಾರವೇ ತಿದ್ದಿದ್ನಲ್ಲಮ್ಮ."

"ತಿದ್ದಿರ್ತೀರಿ, ಅವತ್ತು ಕಳಿಸೋದು ಮರೆತು ಇವತ್ತು ಕಳಿಸಿರಬಹುದು ಸಾರ್."

"ಮರ್ತಿರ್ತೀನಾ" ಎಂದರು. ಅದು ನನ್ನನ್ನು ಕೇಳಿದ್ದಲ್ಲ.

ಆ ಸಂಜೆಯೇ ಅವರು ಟೀ ಅಂಗಡಿಗೆ ಹೋಗಿ, ಬೆಳಿಗ್ಗೆ ಇದ್ದವರ ಮುಂದೆಲ್ಲ "ತಪ್ಪು ನಂದೇ, ಮರ್ತುಬುಟ್ಟಿದ್ದೆ" ಎಂದು ಹೇಳಿ ಬಂದರಂತೆ. ಮೂರನೇ ದಿನ ನನಗೆ ಫೋನು ಮಾಡಿದರು. "ನನ್ನ ಪಾಸು ವಾಪಸ್ ತಗೊ ಕಣಮ್ಮ. ಇನ್ನು ನನ್ನ ಕೈಯಲ್ಲಿ ಅದು ಇರಬಾರ್ದು."

ನಾನು ಬೇಡ ಎನ್ನಬಹುದಿತ್ತು. "ಸರಿ ಸಾರ್" ಅಂದೆ. ಅವರ ಅಕೌಂಟಿನ ಮುಂದಿದ್ದ ಒಂದು ಗುರುತು ತೆಗೆದೆ, ಬಾಗಿಲು ಮುಚ್ಚಿತು. ಬರೆಯಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲಿ ನನಗೆ ಹಗುರವೆನಿಸಿತ್ತು.

ದಸರಾ ಹತ್ತಿರ ಬಂದಾಗ ಅವರ ಹೆಂಡತಿ ಫೋನು ಮಾಡಿದರು. "ಯಾಕೋ ಮನೇಲೇ ಕೂತ್ಬುಟ್ಟವ್ರೆ ಕಣಮ್ಮ. ಸ್ಟ್ಯಾಂಡಿನ ಕಡೀಕೇ ಹೋಗಲ್ಲ. ಬಾಗಿಲು ಹಾಕಿದ್ನಾ, ಗ್ಯಾಸು ಆರಿಸಿದ್ನಾ ಅಂತ ನನ್ನೇ ಮೂರ್ಮೂರು ಸಲ ಕೇಳ್ತಾರೆ. ನೀನಂದ್ರೆ ಇಷ್ಟ ಅವ್ರಿಗೆ. ಒಂದ್ಸಲ ಬಂದು ಮಾತಾಡ್ಸಮ್ಮ."

ಆವತ್ತು ಕೆಲಸ ಸಾಗಲಿಲ್ಲ. ಸರ್ವರಿನ ದಾಖಲೆ ತೆಗೆದು ನೋಡಿದೆ. ಯಾವ ಅಕೌಂಟಿನಿಂದ ಯಾವ ಫೈಲು ಯಾವ ದಿನ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಸರ್ವರು ಬರೆದಿಡುತ್ತದೆ. ಅವರ ಸಾಲುಗಳು ಪುಟಗಟ್ಟಲೆ ಇದ್ದವು. ಒಂದು ದಿನವೂ ತಪ್ಪಿಲ್ಲ. ಹಬ್ಬದ ದಿನವೂ ಇದೆ. ಆ ಸೋಮವಾರದ್ದೂ ಇತ್ತು, ಏಳೂ ನಲವತ್ತೆರಡಕ್ಕೆ. ಎಲ್ಲವನ್ನೂ ಪ್ರಿಂಟು ತೆಗೆದೆ.

ಮರುದಿನ ಬೆಳಿಗ್ಗೆ ಹಿಂದೂಪುರದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿದವಳು ದಾರಿಯ ಸೋಮಂದೇಪಲ್ಲಿಯಲ್ಲಿ ಇಳಿದುಬಿಟ್ಟೆ. ವಾಪಸ್ ಹೋಗುವ ಬಸ್ಸಿಗೆ ರಸ್ತೆ ದಾಟಿ ನಿಂತೆ. ಅದು ಬಂತು, ಹತ್ತಲಿಲ್ಲ. ಮತ್ತೆ ರಸ್ತೆ ದಾಟಿದೆ.

ನಾನು ಹೋದಾಗ ಅವರ ಹೆಂಡತಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ಸಾರ್ ಒಬ್ಬರೇ ಜಗಲಿಯ ಮೇಲಿದ್ದರು. ಸೊರಗಿದ್ದರು. "ಬಾಮ್ಮ" ಅಂದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಶಾಲೆಯ ಫೋಲ್ಡರಿನಿಂದ ಹಿಡಿದು ಫೋನಿನಲ್ಲಿ ಆಡಿದ ಸುಳ್ಳಿನವರೆಗೆ. ಮಧ್ಯದಲ್ಲಿ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಪ್ರಿಂಟು ಕೈಗೆ ಕೊಟ್ಟೆ.

ಅವರು ಕನ್ನಡಕ ತಂದು ಓದತೊಡಗಿದರು. ಹಾರಿಸಿ ಹಾರಿಸಿ ಅಲ್ಲ. ಡ್ರೈವರ್ ತಂದ ಟ್ರಿಪ್ ಶೀಟನ್ನು ಓದುವ ಹಾಗೆ, ಸಾಲುಸಾಲಿಗೆ ಉಗುರು ಇಟ್ಟು. ಆ ಸೋಮವಾರದ ಸಾಲಿಗೆ ಬಂದಾಗ ಉಗುರು ನಿಂತಿತು.

"ಏಳೂ ನಲವತ್ತೆರಡು" ಅಂದರು.

"ಹೌದು ಸಾರ್."

"ನಾನು ಮರ್ತಿರ್ಲಿಲ್ಲ."

"ಇಲ್ಲ ಸಾರ್. ಒಂದು ದಿನವೂ ಇಲ್ಲ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆಯಮ್ಮನಿಗೆ ಹೇಳ್ದ್ಯಾ?" ಎಂದು ಕೇಳಿದರು.

ನನಗೆ ಮೊದಲು ಅರ್ಥವಾಗಲಿಲ್ಲ. ಬಸ್ಸು ತಪ್ಪಿಸಿಕೊಂಡ ಹೆಂಗಸು. ಇಷ್ಟು ತಿಂಗಳಲ್ಲಿ ನಾನು ಸಾರ್ ಅವರ ನೋವಿನ ಬಗ್ಗೆ, ನನ್ನ ಹೆದರಿಕೆಯ ಬಗ್ಗೆ ಯೋಚಿಸಿದ್ದೆ. ಆಕೆಯ ಮನೆ ಎಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ.

"ಹನ್ನೊಂದೂ ಐದಕ್ಕೆ ಬಸ್ಸೈತೆ" ಎಂದು ಎದ್ದು ಷರ್ಟು ಹಾಕಿಕೊಂಡರು.

ಆ ಬಸ್ಸಿನಲ್ಲಿ ಆಕೆಯ ಹಳ್ಳಿಗೆ ಹೋದೆವು. ಮಗ ಕೆಲಸಕ್ಕೆ ಹೋಗಿದ್ದ. ಆಕೆಯೊಬ್ಬಳೇ ಮಂಚದ ಮೇಲೆ ಕೂತು ಕಡಲೇಕಾಯಿ ಸುಲಿಯುತ್ತಿದ್ದಳು. ತೋಳಿನಲ್ಲಿ ಸೂಜಿಯ ಗಂಟುಗಳು. ನಾನು ತೆಲುಗಿನಲ್ಲಿ ಹೇಳಿದೆ. ಸರ್ವರು, ಫೋಲ್ಡರು ಯಾವುದೂ ಆಕೆಗೆ ಬೇಕಿರಲಿಲ್ಲ. ಕೊನೆಗೆ "ಸಾರ್ ಸರಿಯಾಗೇ ಬರೆದಿದ್ದರು ತಾಯಿ, ನಾನು ಅದನ್ನು ಹಾಕಲಿಲ್ಲ" ಎಂದೆ. ಆಕೆ ನನ್ನನ್ನು ನೋಡಲಿಲ್ಲ. ಅವರ ಕಡೆ ತಿರುಗಿ, "ಅಯ್ಯೋ, ಆಸ್ಪತ್ರೆಯಲ್ಲಿ ಎಂಟು ದಿನವೂ ನಿನ್ನನ್ನೇ ಬೈದೆನಲ್ಲ ಸಾಮಿ" ಎಂದಳು. ಒಂದು ಹಿಡಿ ಕಾಳನ್ನು ಅವರ ಕೈಗೆ ಸುರಿದಳು. ನನಗೆ ಕೊಡಲಿಲ್ಲ.

ಕಲ್ಯಾಣದುರ್ಗಕ್ಕೆ ಮರಳಿ, ಬಸ್ ಸ್ಟ್ಯಾಂಡಿನ ಹೊರಗೆ ನಿಂತಾಗ, "ಒಳಗೆ ಹೋಗಿ ಎಲ್ಲರಿಗೂ ಹೇಳ್ತೀನಿ ಸಾರ್, ನಿಮ್ಮ ಮನೇಲಿ ಅಮ್ಮನಿಗೂ ಹೇಳ್ತೀನಿ" ಎಂದೆ. ನನ್ನ ದನಿಯಲ್ಲಿ ಎಷ್ಟು ಧೈರ್ಯವಿತ್ತೋ ಅವರಿಗೆ ಕೇಳಿಸಿರಬೇಕು.

"ಇಷ್ಟು ಸಾಕು. ಸ್ಟ್ಯಾಂಡಿನೋರಿಗೆ, ಮನೇಲಿ, ನಾನು ಹೇಳ್ಕೋತೀನಿ. ನಿನ್ನ ಬಸ್ಸು ನಾಲ್ಕೂ ಹತ್ತಕ್ಕೆ. ಹೊರಡು."

ಹೊಸ ಅಕೌಂಟಿನ ಹೆಸರು, ಪಾಸ್‌ವರ್ಡು ಬರೆದ ಚೀಟಿ ತಂದಿದ್ದೆ. "ಈ ಸಲ ಕಲ್ಯಾಣದುರ್ಗದ ರೂಟು ಮಾತ್ರ ಸಾರ್. ನಿಜವಾದ ಪುಟಕ್ಕೇ ಹೋಗುತ್ತೆ" ಎಂದು ಕೊಟ್ಟೆ. ಅವರು ಅದನ್ನು ಓದದೆ ಮಡಿಸಿ ಜೇಬಿಗಿಟ್ಟುಕೊಂಡರು. ಆ ಅಕೌಂಟಿನಿಂದ ಯಾವತ್ತೂ ಒಂದು ಫೈಲೂ ಬರಲಿಲ್ಲ. ನಾನು ದಿನಾ ಎಂಟು ಗಂಟೆಗೆ ನೋಡುತ್ತಿದ್ದೆ. ಟೈಮುಗಳನ್ನು ನಾನೇ ಬಸ್ ಸ್ಟ್ಯಾಂಡಿಗೆ ಫೋನು ಮಾಡಿ ಕೇಳಿ ತಿದ್ದುತ್ತಿದ್ದೆ. ಅವರಿಗೆ ಫೋನು ಮಾಡಿದರೆ ಎತ್ತುತ್ತಿದ್ದರು, "ಚೆನ್ನಾಗಿದೀನಿ ಕಣಮ್ಮ" ಎನ್ನುತ್ತಿದ್ದರು. ಅವರಾಗಿ ಮಾಡುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಅವರು ಹೋದರು. ಎದೆನೋವು, ಆಸ್ಪತ್ರೆ ಮುಟ್ಟುವುದರೊಳಗೆ. ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ. ಹನ್ನೊಂದನೇ ದಿನಕ್ಕೆ ಹೋದೆ.

ಊಟದ ಪಂಕ್ತಿಗಳು ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. "ಎಲ್ಲಾ ಚೆನ್ನಾಗೇ ಇತ್ತು ಕಣಮ್ಮ, ಆ ಮರೆವು ಒಂದೇ. ಆ ಬಸ್ಸಿನ ವಿಷ್ಯ ಆದ್ಮೇಲೆ ಸ್ಟ್ಯಾಂಡಿನೋರೂ ಏನೂ ಕೇಳ್ತಿರ್ಲಿಲ್ಲ ಇವ್ರನ್ನ. ಪಾಪ, ವಯಸ್ಸಾಯ್ತು ಅಂತ ಬಿಟ್ಬುಟ್ರು."

ಸಾರ್ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಹೇಳದೆ ಎದ್ದು ಬರಬಹುದಿತ್ತು. ನಿಜ ಬಲ್ಲ ಒಬ್ಬರು ಹೋಗಿಬಿಟ್ಟಿದ್ದರು, ಇನ್ನೊಬ್ಬಾಕೆ ದೂರದ ಹಳ್ಳಿಯಲ್ಲಿದ್ದಳು. ಆ ಯೋಚನೆಯೂ ಬಂತು. ಬರಲಿಲ್ಲವೆಂದು ಬರೆದರೆ ಮತ್ತೊಂದು ಸುಳ್ಳಾದೀತು. ಅವರ ಕೈ ನನ್ನ ಕೈ ಮೇಲಿತ್ತು. ಹೇಳಿದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ದಸರಾ ಟೈಮಲ್ಲೇ ಬಂದು ಹೇಳಿದ್ದೆ. ನೀವು ಮಿಲ್ಲಿಗೆ ಹೋಗಿದ್ರಿ."

ಅವರು ಬೆರಳು ಮಡಚಿ ತಿಂಗಳು ಎಣಿಸಿದರು. "ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದೆಲಗದ ಸೊಪ್ಪು ಅರ್ದು ಕೊಡ್ತಿದ್ದೆ ಕಣಮ್ಮ, ಜ್ಞಾಪಕಶಕ್ತಿಗೆ ಅಂತ. ಕಹಿ ಕಂಡ್ರಾಗದೋರು, ಕಣ್ಮುಚ್ಕೊಂಡು ನುಂಗೋರು. ದಸರಾ ಆದ್ಮೇಲೂ ನುಂಗಿದ್ರು. ಸಾಯೋ ದಿನಾನೂ ನುಂಗಿದ್ರು. ಬ್ಯಾಡ, ನಂಗೇನೂ ಆಗಿಲ್ಲ ಅಂತ ಒಂದು ದಿನ ಅನ್ಬಾರ್ದಿತ್ತಾ?" ಕೊನೆಗೆ ಅವರೇ ಉತ್ತರ ಹೇಳಿದರು. "ಅಂದಿದ್ರೆ ಯಾಕೆ ಅಂತ ನಾನು ಕೇಳ್ತಿದ್ದೆ. ಕೇಳಿ ಊರಿಗೆಲ್ಲ ಹೇಳ್ಬುಡ್ತಿದ್ದೆ. ಆಮೇಲೆ ನಿನ್ನ ಅಂಗಡೀನ ನಂಬಿ ಬೀಗದ ಕೈ ಯಾರು ಕೊಡ್ತಿದ್ರು?"

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನನ್ನ ಕಾಲು ಯಾಕೆ? ಸ್ಟ್ಯಾಂಡಿಗೆ ಹೋಗಿ ಹೇಳು. ಈಗ್ಲೇ ಹೋಗು."

ಮೂರು ಗಂಟೆಯ ಬಿಸಿಲಿನಲ್ಲಿ ನಡೆದು ಹೋದೆ. ಟೀ ಅಂಗಡಿಯ ಮುಂದೆ ಐದಾರು ಡ್ರೈವರುಗಳು, ಕಂಡಕ್ಟರುಗಳು ಇದ್ದರು. ನಾನು ಯಾರೆಂದು ಹೇಳಿ, ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ. ಗ್ಲಾಸು ತೊಳೆಯುತ್ತಿದ್ದ ಟೀ ಅಂಗಡಿಯವನ ಕೈ ನಿಂತಿತು.

"ಅಂಟೇ, ಆಯನ ತಪ್ಪು ಕಾದಾ?" ಎಂದು ಕೇಳಿದ. ಹಾಗಾದರೆ ಅವರ ತಪ್ಪಲ್ಲವೇ?

"ಕಾದು. ನಾದೇ." ಅಲ್ಲ, ನನ್ನದೇ.

ವಯಸ್ಸಾದ ಡ್ರೈವರೊಬ್ಬರು ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದರು: "ಆಯನ ಉನ್ನಪ್ಪುಡು ಎಂದುಕು ಚೆಪ್ಪಲೇದಮ್ಮಾ?" ಅವರು ಇದ್ದಾಗಲೇ ಯಾಕೆ ಹೇಳಲಿಲ್ಲ?

ಉತ್ತರಕ್ಕೆ ಕಾಯದೆ ಎದ್ದು ತಮ್ಮ ಬಸ್ಸಿನ ಕಡೆ ಹೋದರು.

ಹಿಂದೂಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ನನ್ನನ್ನು ಕರೆದ. ಬಸ್ಸು ತಪ್ಪಿದ ಆಯಮ್ಮನ ಹಳ್ಳಿಗೆ ಓಡುವ ಬಸ್ಸಿನ ಡ್ರೈವರು ಬಂದಿದ್ದಾನಾ ಎಂದು ಟೀ ಅಂಗಡಿಯವನನ್ನು ಕೇಳಿದೆ. ಇಲ್ಲ, ಐದೂ ಹದಿನೈದಕ್ಕೆ ಬರುತ್ತಾನೆ ಎಂದ. ನಾನು ಕಂಡಕ್ಟರಿಗೆ ಬರುವುದಿಲ್ಲವೆಂದು ಕೈ ಆಡಿಸಿ, ಆ ಡ್ರೈವರಿಗೂ ಹೇಳಿಯೇ ಹೋಗಬೇಕೆಂದು ಕಟ್ಟೆಯ ಮೇಲೆ ಕೂತೆ.